ಒಂಬತ್ತೂವರೆ ಮುನೀಂದ್ರನ ಸಿನಿಮಾ

ಹೆಸರು ಮಾಡಿದವರನ್ನು ಟೀವಿಯಲ್ಲಿ ಕೂರಿಸಿಕೊಂಡು, ನಿಮ್ಮ ಜೀವನದ ಮೇಲೆ ಸಿನಿಮಾ ಯಾವಾಗ ಎಂದು ಕೇಳಿದರೆ ಅವರೆಲ್ಲ ಕೊಡುವ ಉತ್ತರ ಒಂದೇ: ಅಯ್ಯೋ, ನನ್ನ ಜೀವನದಲ್ಲಿ ಏನಿದೆ, ಜನ ನಿದ್ದೆ ಹೋಗ್ತಾರೆ ಅಷ್ಟೆ. ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುವ ಮುನೀಂದ್ರನಿಗೆ ಈ ಉತ್ತರದ ಬಗ್ಗೆ ಒಂದು ಸಿದ್ಧಾಂತವಿತ್ತು. ಹಾಗೆ ಹೇಳುವವರೆಲ್ಲ ತಮ್ಮ ಪಾತ್ರ ಯಾರು ಮಾಡಬೇಕೆಂದು ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿರುತ್ತಾರೆ. ಕ್ಯಾಂಟೀನಿನ ಟೀವಿಯ ಕೆಳಗೆ ಚಿತ್ರಾನ್ನ ತಿನ್ನುತ್ತ ಅವನು ಇದನ್ನು ಹೇಳಿ ಪಕ್ಕದವರನ್ನು ಎಷ್ಟೋ ಸಲ ನಗಿಸಿದ್ದ. ಹೋದ ಜನವರಿಯಲ್ಲಿ ಅದೇ ಪ್ರಶ್ನೆ ತನ್ನ ಹತ್ತಿರವೇ ಬಂದಾಗ ಅವನೂ ಚಾಚೂ ತಪ್ಪದೆ ಅದೇ ಉತ್ತರ ಕೊಟ್ಟ. ತನ್ನ ಪಾತ್ರ ಯಾರು ಮಾಡಬೇಕೆಂಬುದನ್ನು ಮಾರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿ ನೋಡಿಕೊಂಡು ತೀರ್ಮಾನಿಸಿದ. ಎತ್ತರದಲ್ಲಿ ಆ ನಟ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತದೆ, ಬಣ್ಣದಲ್ಲಿ ಜಾಸ್ತಿಯೇ ಹೊಂದಿಕೊಳ್ಳಬೇಕಾಗುತ್ತದೆ ಅಂದುಕೊಂಡ.

ಮುನೀಂದ್ರನಿಗೆ ಮೂವತ್ತೊಂದು ವರ್ಷ. ಊರು ಮಾದನಾಯಕನಹಳ್ಳಿ. ಅಜ್ಜ ಅಲ್ಲಿ ರಾಗಿ ಬೆಳೆದ, ಅಪ್ಪ ಲಾರಿ ಓಡಿಸಿದ, ಇವನು ಐಟಿಐ ಮುಗಿಸಿ ತಗಡು ಒತ್ತುವ ಪವರ್ ಪ್ರೆಸ್ ಮುಂದೆ ನಿಂತ. ಒಂದೊಂದು ತಲೆಮಾರಿಗೆ ಒಂದೊಂದು ಮೆಟ್ಟಿಲು ಇಳಿದುಕೊಂಡು ಬಂದಿದ್ದೇವೆ, ನನ್ನ ಮುಂದಿನದು ಬೇಸ್‌ಮೆಂಟೇ ಎಂದು ಅವನೇ ಹೇಳುತ್ತಿದ್ದ. ಈಗ ಬಾಗಲಗುಂಟೆಯಲ್ಲಿ ಪಾಪಯ್ಯನವರ ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಮದುವೆಯಾಗಿ ಐದು ವರ್ಷ. ಹೆಂಡತಿ ಧನಲಕ್ಷ್ಮಿ ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಇಷ್ಟಕ್ಕೇ ಮುಗಿದಿದ್ದರೆ ಅವನ ಮೇಲೆ ಯಾರೂ ಸಿನಿಮಾ ತೆಗೆಯುತ್ತಿರಲಿಲ್ಲ. ಅವನ ಎಡಗೈಯ ತೋರುಬೆರಳು ನಡುಗೆಣ್ಣಿನವರೆಗೆ ಮಾತ್ರ ಇದೆ. ಉಳಿದರ್ಧ ಏಳು ವರ್ಷದ ಹಿಂದೆ ಪ್ರೆಸ್ಸಿನಲ್ಲಿ ಹೋಯಿತು. ಅವನ ಹೆಸರು ಬಂದದ್ದು ಆ ಅರ್ಧದಿಂದ.

ಮಾರ್ಚ್ ಮೊದಲ ವಾರ ಕಾರ್ಖಾನೆಗಳಲ್ಲೆಲ್ಲ ಸುರಕ್ಷತಾ ಸಪ್ತಾಹ. ಬ್ಯಾನರ್ ಕಟ್ಟುತ್ತಾರೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಬೋಧಿಸುತ್ತಾರೆ, ಘೋಷವಾಕ್ಯ ಬರೆದು ಗೆದ್ದವರಿಗೆ ಟಿಫನ್ ಬಾಕ್ಸ್ ಕೊಡುತ್ತಾರೆ. ಅಪಘಾತವಾದ ಮುಂದಿನ ವರ್ಷ ಮುನೀಂದ್ರನನ್ನು ಮೈಕಿನ ಮುಂದೆ ನಿಲ್ಲಿಸಿ ಅನುಭವ ಹೇಳು ಅಂದರು. ಅಳುವವರನ್ನು ನೋಡುವ ಸಿದ್ಧತೆಯಲ್ಲಿ ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಅವನಿಗೆ ಆ ಮುಖಗಳನ್ನು ನೋಡಿ ಗಾಬರಿಯಾಯಿತು. ಬೆರಳಚ್ಚು ಒತ್ತುವ ಹಾಜರಿ ಯಂತ್ರ ತನ್ನನ್ನು ಗುರುತಿಸದೇ ಹೋದದ್ದು, ಆಫೀಸಿನವರು ನೋಂದಾಯಿಸಿದ ಬೆರಳನ್ನೇ ತಗೊಂಡು ಬಾ ಅಂದದ್ದು, ಇವನು ನಾನು ಡ್ಯೂಟಿಗೆ ಬಂದಿದ್ದೀನಿ ಸಾರ್, ಬೆರಳು ರಜದಲ್ಲಿದೆ ಅಂದದ್ದು ಹೇಳಿದ. ಒಂದು ಟಿಕೆಟ್ ಎಂದು ಬೆರಳೆತ್ತಿದರೆ ಕಂಡಕ್ಟರು ಅರ್ಧ ಟಿಕೆಟ್ ಹರಿದ ಕಥೆ ಹೇಳಿದ. ಮತಗಟ್ಟೆಯಲ್ಲಿ ಶಾಯಿ ಹಚ್ಚಲು ಅದೇ ಬೆರಳು ಬೇಕಲ್ಲ, ಅಲ್ಲಿದ್ದ ಮೇಡಂ ಬಾಟಲಿ ಹಿಡಿದುಕೊಂಡು ಕಂಗಾಲಾದಾಗ, ಪರವಾಗಿಲ್ಲ ಮೇಡಂ, ಅರ್ಧ ವೋಟು ಹಾಕಿ ಹೋಗ್ತೀನಿ ಅಂದದ್ದನ್ನೂ ಸೇರಿಸಿದ. ಶೆಡ್ಡು ಬಿದ್ದು ಬಿದ್ದು ನಕ್ಕಿತು.

ಕೊನೆಗೆ ಬರುತ್ತಿದ್ದುದು ಮುಖ್ಯ ಭಾಗ. ಆ ಹಳೆಯ ಪ್ರೆಸ್ಸು ಕೆಳಗಿಳಿಯಬೇಕಾದರೆ ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಯಾವ ಕೈಯೂ ಒಳಗಿರುವುದಿಲ್ಲ, ಅದೇ ಅದರ ಉದ್ದೇಶ. ಆದರೆ ಒಂದು ಗುಂಡಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದರೆ ಅದು ಒತ್ತಿಕೊಂಡೇ ಇರುತ್ತದೆ. ಆಗ ಒಂದು ಕೈಯಲ್ಲಿ ತಗಡು ತಳ್ಳಿ ಇನ್ನೊಂದರಲ್ಲಿ ಒತ್ತಬಹುದು, ಗಂಟೆಗೆ ನೂರು ಪೀಸು ಹೆಚ್ಚು ಬೀಳುತ್ತದೆ. ಮುನೀಂದ್ರ ಗಾಳಿಯಲ್ಲಿ ಟ್ಯೂಬು ಕಟ್ಟುವಂತೆ ಕೈ ಆಡಿಸುತ್ತ ಹೇಳುತ್ತಿದ್ದ: "ನನ್ನ ಎರಡೂ ಕೈ ಉಳೀಲಿ ಅಂತ ಕಂಪನಿ ಎರಡು ಗುಂಡಿ ಇಟ್ಟಿತ್ತು. ನಾನು ಬುದ್ಧಿವಂತ, ಒಂದಕ್ಕೆ ಟ್ಯೂಬ್ ಕಟ್ಟಿ ಒಂದು ಕೈಗೆ ರೆಸ್ಟ್ ಕೊಟ್ಟೆ. ರೆಸ್ಟಲ್ಲಿದ್ದ ಕೈಗೆ ಬೇಜಾರಾಗಿ ಒಳಗೆ ಹೋಗಿ ನೋಡ್ಕೊಂಡು ಬಂತು."

ಅಲ್ಲಿಂದ ಅಕ್ಕಪಕ್ಕದ ಕಾರ್ಖಾನೆಗಳವರು ಕರೆಯತೊಡಗಿದರು. ಒಂದು ಸಲ ಹೆಬ್ಬಗೋಡಿಯವರೆಗೂ ಹೋಗಿ ಬಂದ. ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ ವೀಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು. ಬಾಗಲಗುಂಟೆಯ ಹೋಟೆಲಿನಲ್ಲಿ ಗುರುತು ಹಿಡಿದು, ನೀವು ಒಂಬತ್ತೂವರೆ ಮುನೀಂದ್ರ ಅಲ್ವಾ ಸಾರ್ ಎಂದು ಸೆಲ್ಫಿ ಕೇಳಿದರು. ಸೆಲ್ಫಿಗೆ ಮುಖಕ್ಕಿಂತ ಕೈ ಮುಂದಿರಬೇಕಿತ್ತು.

ಈ ಕಾರ್ಯಕ್ರಮಗಳಿಗೆಲ್ಲ ಅವನನ್ನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಸಿದ್ದರಾಜು. ಅದೇ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್, ನಲವತ್ತಾರರ ಆಸುಪಾಸು, ಮಾತು ಕಡಿಮೆ. ಹಿಂದೆ ಮುನೀಂದ್ರನ ಹಾಗೆಯೇ ಪ್ರೆಸ್ ಓಡಿಸುತ್ತಿದ್ದವನು. ಪಾಪಯ್ಯನವರ ಮನೆಯನ್ನು ಇವನಿಗೆ ಕೊಡಿಸಿದ್ದೂ ಅವನೇ. ಎಂಟೊಂಬತ್ತು ಕಾರ್ಖಾನೆಗಳು ಸೇರಿ ಕಟ್ಟಿಕೊಂಡಿದ್ದ ಸುರಕ್ಷತಾ ಸಮಿತಿಗೆ ಈಗ ಅವನೇ ಕಾರ್ಯದರ್ಶಿ. ಈ ವರ್ಷದ ಸಪ್ತಾಹಕ್ಕೆ ಮುನೀಂದ್ರನ ಜೀವನದ ಮೇಲೆ ಇಪ್ಪತ್ತು ನಿಮಿಷದ ಸಿನಿಮಾ ಮಾಡಿ ಎಲ್ಲ ಕಡೆ ತೋರಿಸೋಣ ಎಂದು ಸಮಿತಿ ಠರಾವು ಮಾಡಿತು. ಮದುವೆ ವೀಡಿಯೊ, ಕಂಪನಿ ವೀಡಿಯೊ ಮಾಡಿ ಅನುಭವವಿದ್ದ ಚಿರಂಜೀವಿ ಎಂಬ ಯುವಕನಿಗೆ ಕೆಲಸ ವಹಿಸಿದರು.

ಚಿರಂಜೀವಿ ಕ್ಯಾಂಟೀನಿಗೇ ಬಂದ. "ಸರ್, ಇದು ಪ್ರಾಪರ್ ಬಯೋಪಿಕ್ ಸರ್. ನಿಮ್ಮ ಲೈಫೇ ಸ್ಕ್ರಿಪ್ಟು" ಅಂದ.

"ನನ್ನ ಲೈಫಲ್ಲಿ ಇಂಟರ್ವಲ್ ಬಿಟ್ರೆ ಇನ್ನೇನೂ ಇಲ್ಲ ಗುರು" ಅಂದ ಮುನೀಂದ್ರ. "ಜನ ಪಾಪ್‌ಕಾರ್ನ್ ತಗೊಂಡು ವಾಪಸ್ ಬರೋಷ್ಟ್ರಲ್ಲಿ ಮುಗಿದಿರತ್ತೆ."

ಚಿರಂಜೀವಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ತನ್ನ ಬಗ್ಗೆ ಕೀಳಾಗಿ ಏನು ಹೇಳಿದರೂ ಈ ಹುಡುಗ ಬರೆದುಕೊಳ್ಳುತ್ತಾನೆಂದು ಗೊತ್ತಾದ ಮೇಲೆ ಮುನೀಂದ್ರನಿಗೆ ಉತ್ಸಾಹ ಬಂದು ಇನ್ನೂ ನಾಲ್ಕು ಹೇಳಿದ. ಮೇಲೆ ಮೇಲೆ ಬೇಡ ಬೇಡ ಅನ್ನುತ್ತಲೇ, ಶೂಟಿಂಗ್ ದಿನ ತಾನು ಎಷ್ಟು ಗಂಟೆಗೆ ಬರಬೇಕೆಂದು ಎರಡು ಸಲ ಕೇಳಿದ.

ಮನೆ ಮಾಲೀಕ ಪಾಪಯ್ಯನವರಿಗೆ ಸುದ್ದಿ ಮುಟ್ಟಿತು. ಕಾರ್ಖಾನೆ ಇರುವ ಜಾಗ ಒಂದು ಕಾಲಕ್ಕೆ ಅವರ ಅಪ್ಪನ ಹೊಲ. ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಮೆಟ್ಟಿಲ ಬುಡದಲ್ಲಿ ಕಾದು ನಿಂತರು. "ಇಂಗೆ ಸುರು ಮಾಡ್ಲಿ ಕಣಪ್ಪ. ಮೊದ್ಲು ನಮ್ಮ ರಾಗಿ ಹೊಲ. ಅದರಾಗೆ ನಾನು ನಡ್ಕೊಂಡ್ ಬತ್ತೀನಿ. ಆಮ್ಯಾಕೆ ನಿನ್ ಬೆರಳು" ಅಂದರು. ನಿಮ್ಮ ಪಾತ್ರ ಯಾರು ಮಾಡಬೇಕು ಎಂದು ಮುನೀಂದ್ರ ಕೇಳಿದ್ದಕ್ಕೆ, ನಾನಿರೋವಾಗ ಇನ್ಯಾರು ಮಾಡ್ತಾರೆ ಅಂದರು. ದೊಡ್ಡವರು ಟೀವಿಯಲ್ಲಿ ಹೇಳದೇ ಇರುವುದನ್ನು ಪಾಪಯ್ಯ ನೇರವಾಗಿ ಹೇಳಿದರು ಅನ್ನಿಸಿ ಮುನೀಂದ್ರನಿಗೆ ಅವರ ಮೇಲೆ ಗೌರವ ಹೆಚ್ಚಿತು.

ಫೆಬ್ರವರಿ ಎರಡನೇ ವಾರ ಚಿರಂಜೀವಿ ಬರೆದ ಕಥೆ ಕೈಗೆ ಬಂತು. ಹನ್ನೆರಡು ಪುಟ. ಅದರಲ್ಲಿ ಮುನೀಂದ್ರ ಎಂಬ ಉಡಾಫೆಯ ಯುವಕನಿದ್ದ. ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಬರುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ. ಗುಂಡಿಗೆ ಟ್ಯೂಬು ಕಟ್ಟಬೇಡವೋ ಎಂದು ಒಬ್ಬ ಹಿರಿಯ ಕೆಲಸಗಾರ ಮೂರು ಸಲ ಬುದ್ಧಿ ಹೇಳುತ್ತಾನೆ. ಅವನು ನಕ್ಕು ಕಟ್ಟುತ್ತಾನೆ. ಆ ಹಿರಿಯನ ಹೆಸರು ಸಿದ್ದಣ್ಣ. ಕೊನೆಯ ಪುಟದಲ್ಲಿ ಒಂದು ಒಪ್ಪಿಗೆ ಪತ್ರ: ಇದರಲ್ಲಿ ತೋರಿಸಿರುವುದೆಲ್ಲ ನನ್ನ ಜೀವನದಲ್ಲಿ ನಡೆದ ಸತ್ಯ ಘಟನೆಗಳು, ಯಂತ್ರದ ಗುಂಡಿಗೆ ಟ್ಯೂಬನ್ನು ನಾನೇ ಕಟ್ಟಿದ್ದೆ. ಕೆಳಗೆ ಸಹಿಗೆ ಜಾಗ. ಸಹಿಯಾದರೆ ಭಾನುವಾರ ಕಾರ್ಖಾನೆಗೆ ರಜಾ ಇರುವಾಗ ಶೂಟಿಂಗ್. ಮುನೀಂದ್ರ ಪೆನ್ನು ಬರೀತಿಲ್ಲ ಎಂದು ಹೇಳಿ ಕಾಗದಗಳನ್ನು ಮನೆಗೆ ತಂದ. ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು.

ಟ್ಯೂಬು ಕಟ್ಟಿದ್ದು ಅವನಲ್ಲ.

ಆಗ ಆ ಶೆಡ್ಡಿನಲ್ಲಿ ಟಾರ್ಗೆಟ್ ಜಾಸ್ತಿಯಾದ ದಿನ ಎಲ್ಲರೂ ಕಟ್ಟುತ್ತಿದ್ದರು. ನೋಡಬೇಕಾದವರು ನೋಡಿಯೂ ಆ ಕಡೆ ತಿರುಗುತ್ತಿದ್ದರು. ಹೊರಗಿನಿಂದ ತಪಾಸಣೆಗೆ ಬರುತ್ತಾರೆಂದರೆ ಟ್ಯೂಬುಗಳೆಲ್ಲ ಲಾಕರ್ ಸೇರುತ್ತಿದ್ದವು. ಎಲ್ಲೂ ಬರೆಯದ ಒಂದೇ ನಿಯಮವೆಂದರೆ ಕಟ್ಟಿದವನು ಶಿಫ್ಟ್ ಮುಗಿಸಿ ಹೋಗುವ ಮೊದಲು ತಾನೇ ಬಿಚ್ಚಿ ಹೋಗಬೇಕು. ಇಪ್ಪತ್ತನಾಲ್ಕರ ಮುನೀಂದ್ರನಿಗೆ ಆ ಪ್ರೆಸ್ಸು ಸಿಕ್ಕಿ ನಾಲ್ಕು ದಿನವಾಗಿತ್ತಷ್ಟೆ, ಕಟ್ಟುವುದನ್ನು ಅವನು ಇನ್ನೂ ಕಲಿತೇ ಇರಲಿಲ್ಲ. ಅವತ್ತು ಬೆಳಗಿನ ಶಿಫ್ಟಿನಲ್ಲಿ ಅದೇ ಯಂತ್ರದಲ್ಲಿದ್ದವನು ಸಿದ್ದರಾಜು. ಮಧ್ಯಾಹ್ನ ಎರಡಕ್ಕೆ ಮುನೀಂದ್ರ ಬಂದಾಗ ಒಳಗೆ ಒಂದು ಪೀಸು ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಎಡಗೈ ಒಳಗೆ ಹಾಕಿದ. ಒಂದೇ ಗುಂಡಿ ಒತ್ತಿದರೆ ಯಂತ್ರ ಇಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಬಲಗೈಯನ್ನು ಬಲಗಡೆಯ ಗುಂಡಿಯ ಮೇಲೆ ಊರಿದ. ಎಡಗಡೆಯ ಗುಂಡಿಗೆ, ಗ್ರೀಸು ಹತ್ತಿ ಕಪ್ಪಾದ ಪೆಟ್ಟಿಗೆಯ ಮೇಲೆ, ಕಪ್ಪು ಟ್ಯೂಬು ಬಿಗಿದೇ ಇತ್ತು.

ಅವನಿಗೆ ಪೂರ್ತಿ ಎಚ್ಚರವಾಗುವ ಮೊದಲೇ ಆಪರೇಟರ್‌ನ ಸ್ವಂತ ನಿರ್ಲಕ್ಷ್ಯ ಎಂದು ವರದಿ ತಯಾರಾಗಿತ್ತು. ಆಸ್ಪತ್ರೆಗೆ ಸಿದ್ದರಾಜು ಎಳನೀರು ಹಿಡಿದುಕೊಂಡು ಬಂದು ಮಂಚದ ಕಾಲ ಬಳಿ ನಿಂತ. ಬಾಯಿ ತೆರೆಯುತ್ತಾನೆ, ಮಾತು ಬರುವುದಿಲ್ಲ. ಆ ಮುಖ ನೋಡಲಾಗದೆ ಮುನೀಂದ್ರ, ಅಣ್ಣ, ಇನ್ಮೇಲೆ ಪೀಸ್ ಎಣಿಸೋಕೆ ನನ್ನನ್ನ ನಂಬಬೇಡಿ, ಅರ್ಧ ಕಮ್ಮಿ ಬರತ್ತೆ ಅಂದ. ಅದು ಅವನ ಮೊದಲ ಜೋಕು. ಸಿದ್ದರಾಜು ಗೋಡೆ ಕಡೆ ತಿರುಗಿ ಅತ್ತ. ಮಾರನೆಯ ದಿನ ವರದಿಗೆ ಮುನೀಂದ್ರ ಸಹಿ ಹಾಕಿದ. ಸಿದ್ದರಾಜುವಿನ ಇಬ್ಬರು ಹೆಣ್ಣುಮಕ್ಕಳು ಸ್ಕೂಲಿನಲ್ಲಿದ್ದರು, ಹೋದ ಬೆರಳು ಯಾರ ಹೆಸರು ಬರೆದರೂ ವಾಪಸು ಬರುವುದಿಲ್ಲ ಎಂಬ ಲೆಕ್ಕ. ಅಲ್ಲಿಂದೀಚೆಗೆ ಇಬ್ಬರೂ ಆ ವಿಷಯ ಎತ್ತಿಲ್ಲ. ಏಳು ವರ್ಷ ಒಂದೇ ಬೈಕಿನಲ್ಲಿ ಓಡಾಡಿದ್ದಾರೆ.

ಹಾಗಾದರೆ ಇನ್ನೊಂದು ಸಹಿಗೆ ಏನು ಕಷ್ಟ? ವರದಿ ಬೀರುವಿನೊಳಗೆ ಹೋಗುತ್ತದೆ, ಜೋಕು ಗಾಳಿಗೆ ಹೋಗುತ್ತದೆ, ಸಿನಿಮಾ ಹಾಗಲ್ಲ. ಇನ್ನು ಎಲ್ಲ ಕಾರ್ಖಾನೆಗಳಲ್ಲಿ ಹೊಸಬರು ಕೆಲಸಕ್ಕೆ ಸೇರಿದ ದಿನ ಅದನ್ನೇ ತೋರಿಸುತ್ತಾರೆ. ಅಪಾಯ ತಂದುಕೊಂಡವನು ಒಬ್ಬ ತಲೆಹರಟೆ, ನಮಗೇನೂ ಆಗುವುದಿಲ್ಲ ಅಂದುಕೊಂಡು ಅವರು ಹೋಗುತ್ತಾರೆ. ಈ ಕಾರಣ ಯೋಗ್ಯವಾಗಿತ್ತು. ಇದರ ಕೆಳಗೆ ಅಷ್ಟೇನೂ ಯೋಗ್ಯವಲ್ಲದ ಇನ್ನೊಂದು ಕಾರಣವಿತ್ತು: ತನ್ನದೇ ಸಿನಿಮಾದಲ್ಲಾದರೂ ತಾನು ಅಷ್ಟೊಂದು ಪೆದ್ದನಾಗಿರಬಾರದು, ಅದೂ ಸಿದ್ದಣ್ಣನಿಂದ ಬುದ್ಧಿ ಹೇಳಿಸಿಕೊಂಡು. ಸಹಿ ಹಾಕದಿದ್ದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಏಪ್ರಿಲ್‌ನಲ್ಲಿ ಸಿದ್ದರಾಜುವಿಗೆ ಬರಬೇಕಾದ ಬಡ್ತಿ ಹೋಗುತ್ತದೆ, ಬಹುಶಃ ಇರುವ ಕುರ್ಚಿಯೂ.

ಶನಿವಾರ ಸಂಜೆ ಧನಲಕ್ಷ್ಮಿ ಹುರುಳಿಕಾಯಿ ನಾರು ತೆಗೆಯುತ್ತ ಆ ಹನ್ನೆರಡು ಪುಟಗಳನ್ನು ಮಡಿಲಲ್ಲಿಟ್ಟುಕೊಂಡು ಓದಿದಳು. ಇಯರ್‌ಫೋನಿನ ಜಾಗಕ್ಕೆ ಬಂದು ನಕ್ಕಳು, ನಿಮ್ಮ ಹತ್ರ ಆಗ ಇಯರ್‌ಫೋನ್ ಇತ್ತಾ ಎಂದು ಕೇಳಿದಳು. ಟ್ಯೂಬು ಕಟ್ಟುವ ಜಾಗದಲ್ಲಿ ಮಾಮೂಲಿನಂತೆ ಇನ್ನೂ ಜೋರಾಗಿ ನಕ್ಕಳು. ಸಹಿ ಹಾಕಿಲ್ಲವಲ್ಲ ಯಾಕೆ ಅಂದಳು.

ಅವನು ಹೇಳಿದ. ಹೇಳಲು ಎರಡೇ ನಿಮಿಷ ಸಾಕಾಯಿತು. ಇಷ್ಟು ಸಣ್ಣ ವಿಷಯವನ್ನು ಏಳು ವರ್ಷ ಹೊತ್ತುಕೊಂಡಿದ್ದೆನಾ ಎಂದು ಅವನಿಗೇ ಆಶ್ಚರ್ಯವಾಯಿತು. ಸಿದ್ದರಾಜುವನ್ನು ಅವಳು ಬೈಯುತ್ತಾಳೆ, ತಾನು ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡು ಎರಡು ಮಾತು ತಯಾರು ಮಾಡಿಕೊಂಡಿದ್ದ. ಅವು ಬೇಕಾಗಲಿಲ್ಲ.

"ಹೆಣ್ಣು ನೋಡೋಕೆ ಬಂದಾಗ್ಲೂ ನಾನೇ ಕಟ್ಟಿದ್ದು ಅಂದ್ರಿ" ಅಂದಳು. "ತಪ್ಪು ಒಪ್ಕೊಳ್ಳೋ ಹುಡುಗ ಅಂತ ನಮ್ಮಪ್ಪ ಅವತ್ತೇ ಹೂಂ ಅಂದ್ರು."

"ತಪ್ಪೇ ಇಲ್ಲದೆ ಒಪ್ಕೊಂಡಿದ್ದೀನಿ ಅಂದ್ರೆ ಇನ್ನೂ ಒಳ್ಳೆ ಹುಡುಗ ಅಲ್ವೇನೇ" ಅಂದ ಅವನು.

ಅವಳು ನಗಲಿಲ್ಲ. "ಐದು ವರ್ಷದಿಂದ ನಾನು ನಗ್ತಾ ಇದ್ದೀನಲ್ರೀ ಅದಕ್ಕೆ. ನಿಮ್ಮ ಬೆರಳು ಹೋಗಿದ್ದಕ್ಕೆ." ಕಾಗದಗಳನ್ನು ಜೋಡಿಸಿ ಅವನ ಮುಂದಿಟ್ಟಳು. "ನಿಮ್ಮನ್ನ ನೀವೇ ಮೊದ್ಲು ಬೈಕೊಂಡ್ಬಿಡ್ತೀರ. ಆಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ. ಸೈನ್ ಹಾಕೋದು ಬಿಡೋದು ನಿಮ್ಮಿಷ್ಟ. ನನ್ನನ್ನ ಮಾತ್ರ ನಗಿಸೋಕೆ ಬರ್ಬೇಡಿ."

ಅವಳು ಹುರುಳಿಕಾಯಿ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ಮೂರು ಜೋಕು ಹೊಳೆದವು, ಮೂರನ್ನೂ ನುಂಗಿಕೊಂಡ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಸಹಿಯಿಲ್ಲದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದ. ಹಾಕುತ್ತಾನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಸಂಜೆ ಕೊಡ್ತೀನಿ ಅಂದಿದ್ದಕ್ಕೆ ಚಿರಂಜೀವಿ ಸರಿ ಸರ್ ಅಂದ. ಯಂತ್ರಗಳೆಲ್ಲ ನಿಂತಿದ್ದವು. ಆ ಹಳೆಯ ಪ್ರೆಸ್ಸು ಈಗ ಕೆಲಸದಲ್ಲಿಲ್ಲ, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದೆದು ನಿಂತಿತ್ತು. ಸಮಿತಿಯ ಪರವಾಗಿ ಬಂದಿದ್ದ ಸಿದ್ದರಾಜು ಅದರ ಕರೆಂಟು ಕಿತ್ತಿದ್ದಾರೆಯೇ ಎಂದು ಮೂರು ಸಲ ನೋಡಿ ಬಂದು ಪ್ಲಾಸ್ಟಿಕ್ ತೆಗೆದ. ಮುನೀಂದ್ರನ ಪಾತ್ರ ಮಾಡಲು ಬಂದಿದ್ದವನು ಕನ್ನಡಿಯಲ್ಲಿ ತೀರ್ಮಾನಿಸಿದ ನಟನಲ್ಲ. ಯಮನೂರ ಎಂಬ ಕೊಪ್ಪಳದ ಕಡೆಯ ಯುವಕ, ವಾರದ ದಿನಗಳಲ್ಲಿ ಮನೆ ಮನೆಗೆ ಊಟ ತಲುಪಿಸುವ ಕೆಲಸ, ಉಳಿದಂತೆ ನಾಟಕ. ಎತ್ತರದಲ್ಲೂ ಬಣ್ಣದಲ್ಲೂ ಯಾವ ಹೊಂದಾಣಿಕೆಯೂ ಬೇಕಿರಲಿಲ್ಲ, ಅದು ಮುನೀಂದ್ರನಿಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತು.

ಟ್ಯೂಬು ಕಟ್ಟುವ ದೃಶ್ಯವನ್ನು ಮೊದಲು ತೆಗೆಯುವುದೆಂದಾಯಿತು. ಚಿರಂಜೀವಿ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದಿದ್ದ. ಯಮನೂರ ಅದನ್ನು ಕೈಯಲ್ಲಿ ಹಿಡಿದು, "ಅಣ್ಣಾರ, ನೀವು ಹೆಂಗ ಕಟ್ಟತಿದ್ರಿ ಒಮ್ಮೆ ತೋರಸ್ರಿ. ನೋಡಿ ಹಂಗ ಮಾಡತೀನಿ" ಅಂದ.

ಮುನೀಂದ್ರ ಟ್ಯೂಬು ತೆಗೆದುಕೊಂಡ. ನೂರಾರು ಸಲ ವೇದಿಕೆಯ ಮೇಲೆ ಕಟ್ಟಿದ್ದಾನೆ. ಆದರೆ ಗಾಳಿಯಲ್ಲಿ ಕಟ್ಟಿದ ಟ್ಯೂಬು ಎಂದೂ ಜಾರಿರಲಿಲ್ಲ. ಗುಂಡಿಯ ಮೇಲೆ ಎಳೆದು ಬಿಟ್ಟ, ಅದು ಚಿಮ್ಮಿ ನೆಲಕ್ಕೆ ಬಿತ್ತು. ಎರಡನೇ ಸಲ ಪೆಟ್ಟಿಗೆಗೆ ಸುತ್ತಿದ, ಗುಂಡಿ ಕೆಳಗೇ ಹೋಗಲಿಲ್ಲ. ಮೂರನೇ ಸಲ ಗಂಟು ಹಾಕಲು ಹೋದ. ಟ್ಯೂಬಿಗೆ ಯಾರೂ ಗಂಟು ಹಾಕುತ್ತಿರಲಿಲ್ಲ ಎಂಬುದಷ್ಟೇ ಅವನಿಗೆ ನೆನಪಿತ್ತು.

"ಅರ್ಧ ಬೆರಳು ಕಮ್ಮಿ ಅಲ್ವಾ, ಹಿಡಿತ ಸಿಗ್ತಿಲ್ಲ" ಅಂದ. ಚಿರಂಜೀವಿ ನಕ್ಕ.

"ಕಟ್ಟೂಮುಂದ ಹತ್ತೂ ಇದ್ದವಲ್ರೀ" ಅಂದ ಯಮನೂರ. ಅವನು ತಮಾಷೆಗೆ ಹೇಳಿರಲಿಲ್ಲ. ಪಾತ್ರದ ಬಗ್ಗೆ ನಿಜವಾಗಿಯೇ ಯೋಚಿಸುತ್ತಿದ್ದ. "ಕೈಗೆ ರೂಢಿ ಇರತೈತಿ ಅಂತೀನಿ. ಅದು ಮರಿಯೂದಿಲ್ಲ."

ಮುನೀಂದ್ರ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸುತ್ತ ನಿಂತ. ಆಗ ಕಂಬದ ಬಳಿ ನಿಂತಿದ್ದ ಸಿದ್ದರಾಜು ಬಂದು ಅವನ ಕೈಯಿಂದ ಟ್ಯೂಬು ತೆಗೆದುಕೊಂಡ. ಅಂಗೈಯಿಂದ ಗುಂಡಿ ಒತ್ತಿ, ಎರಡು ಸುತ್ತು ಹಾಕಿ, ತುದಿಯನ್ನು ಪೆಟ್ಟಿಗೆಯ ಬೋಲ್ಟಿನ ಹಿಂದೆ ಸಿಕ್ಕಿಸಿದ. ಮೂರು ಸೆಕೆಂಡು ಹಿಡಿದಿರಬಹುದು. ಕೈ ತೆಗೆದ ಮೇಲೂ ಗುಂಡಿ ಒಳಗೇ ಇತ್ತು.

"ಸೂಪರ್ ಸರ್" ಅಂದ ಚಿರಂಜೀವಿ. "ನೀವೂ ಕಟ್ತಿದ್ರಾ ಹಾಗಾದ್ರೆ?"

ಮುನೀಂದ್ರನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಸಿದ್ದಣ್ಣ ಟೀಚರು, ನಾನು ಫೇಲಾದ ಸ್ಟೂಡೆಂಟು ಅಂದರೆ ಎಲ್ಲರೂ ನಗುತ್ತಿದ್ದರು, ದೃಶ್ಯ ಮುಂದುವರಿಯುತ್ತಿತ್ತು, ಸಂಜೆ ಸಹಿಯೂ ಆಗಿಬಿಡುತ್ತಿತ್ತು. ಅವನು ಹೇಳಲಿಲ್ಲ. ಜನರ ಮುಂದೆ ಜೋಕಿಗೆ ಜಾಗವಿದ್ದೂ ಬಾಯಿ ಮುಚ್ಚಿಕೊಂಡದ್ದು ಅವನ ನೆನಪಿನಲ್ಲಿ ಇದೇ ಮೊದಲು.

ಸಿದ್ದರಾಜು ಅವನ ಕಡೆ ನೋಡಿದ. ಬರಬೇಕಾದ ಜೋಕಿಗೆ ಕಾಯುವವನಂತೆ ನೋಡಿದ.

"ಅವತ್ತು ಕಟ್ಟಿದ್ದು ನಾನು" ಅಂದ. "ಬಿಚ್ಚೋದು ಮರ್ತು ಹೊರಟುಹೋದೆ. ಇವ್ನಿಗೆ ಕಟ್ಟೋಕೆ ಬರಲ್ಲ. ಇವತ್ತೂ ಬರಲ್ಲ."

ಚಿರಂಜೀವಿ ಕೈಯಲ್ಲಿದ್ದ ಹನ್ನೆರಡು ಪುಟಗಳನ್ನು ನೋಡಿದ, ಮತ್ತೆ ಇವರಿಬ್ಬರನ್ನು ನೋಡಿದ. ಸಮಿತಿ ಒಪ್ಪಿದ ಕಥೆ ಇದು ಸರ್, ಸಿದ್ದಣ್ಣ ಅನ್ನೋದು ಬುದ್ಧಿ ಹೇಳೋ ಪಾತ್ರ ಸರ್ ಎಂದು ತೊದಲಿದ. ಹತ್ತು ನಿಮಿಷ ಟೀ ಕುಡಿದು ಬರೋಣ ಎಂದು ಯಮನೂರನೇ ಅವನನ್ನು ಹೊರಗೆ ಕರೆದುಕೊಂಡು ಹೋದ.

ಇಬ್ಬರೂ ಪ್ರೆಸ್ಸಿನ ಪಕ್ಕದ ಮರದ ಪೆಟ್ಟಿಗೆಗಳ ಮೇಲೆ ಕೂತರು.

"ಯಾಕೋ ಏಳು ವರ್ಷ ಹೇಳ್ಲಿಲ್ಲ?" ಅಂದ ಸಿದ್ದರಾಜು.

"ನೀವ್ಯಾಕಣ್ಣ ಹೇಳ್ಲಿಲ್ಲ?"

"ಹೇಳ್ಬೇಕು ಅಂತ ಆಸ್ಪತ್ರೆಗೆ ಬಂದಿದ್ದೆ. ನೀನು ಜೋಕ್ ಹೊಡೆದೆ. ಆಮೇಲೆ ಎಲ್ಲಾ ಕಡೆ ಹೊಡೀತಾನೇ ಹೋದೆ. ಜನ ಹಂಗೆ ನಗ್ತಾ ಇರೋವಾಗ ಮಧ್ಯ ಎದ್ದು ನಿಂತು ಏನಂತ ಹೇಳ್ಲಿ? ಹಿಂದೆ ಹೋಗಿ ನಿಂತ್ಕೊತಿದ್ದೆ." ಸಿದ್ದರಾಜು ಅಂಗೈಗೆ ಹತ್ತಿದ್ದ ಕಪ್ಪನ್ನು ಒರೆಸಿಕೊಂಡ. "ನೀನು ನನ್ನನ್ನ ಉಳಿಸ್ತಿದ್ದೀಯ ಅಂತ ಗೊತ್ತಿತ್ತು ಕಣೋ. ಒಂದೊಂದು ಸಲ ಬೇಕಂತ್ಲೇ ನಂಗೆ ಕೇಳಿಸ್ಲಿ ಅಂತ ಜೋರಾಗಿ ಹೊಡೀತಿದ್ದೀಯೇನೋ ಅಂತ್ಲೂ ಅನ್ಸೋದು."

ಮುನೀಂದ್ರ ಇಲ್ಲ ಅನ್ನಲು ಹೋದ. ಅಷ್ಟು ಖಾತ್ರಿಯಾಗಿ ಇಲ್ಲ ಅನ್ನಲಾಗಲಿಲ್ಲ. ಒಂದೊಂದು ಸಲ ಶೆಡ್ಡಿನ ಹಿಂದುಗಡೆ ಸಿದ್ದರಾಜುವಿನ ತಲೆ ಕಾಣುವವರೆಗೂ ಆ ಭಾಗ ಶುರು ಮಾಡದೆ ಕಾದದ್ದುಂಟು.

"ಹೊಡೆದಿದ್ದೀನಿ ಅನ್ಸತ್ತೆ" ಅಂದ.

ಸಿದ್ದರಾಜು ತಲೆಯಾಡಿಸಿದ. ಬೇಜಾರಾದವನಂತೆ ಕಾಣಲಿಲ್ಲ. ಮುನೀಂದ್ರ ಜೇಬಿನಿಂದ ಒಪ್ಪಿಗೆ ಪತ್ರ ತೆಗೆದು ಮೊಣಕಾಲ ಮೇಲೆ ಹರಡಿಕೊಂಡು, ನಾನೇ ಕಟ್ಟಿದ್ದೆ ಎಂಬ ಸಾಲನ್ನು ಹೊಡೆದುಹಾಕಿದ. ಅದರ ಮೇಲೆ ಬರೆದ: ಕಟ್ಟಿದ್ದು ನಾನಲ್ಲ, ನೋಡದೆ ಕೈ ಹಾಕಿದ್ದು ನಾನು. ಸಹಿ ಹಾಕಿದ. ಸಿದ್ದರಾಜು ಪೆನ್ನು ಕೇಳಿ ತೆಗೆದುಕೊಂಡು ಅದರ ಕೆಳಗೆ, ಕಟ್ಟಿದ್ದು ನಾನು ಎಂದು ಬರೆದು ಪೂರ್ತಿ ಹೆಸರು, ನೌಕರಿ ನಂಬರು, ತಾರೀಕು ಹಾಕಿದ. ಅಣ್ಣ, ಹೆಸರು ಬೇಡ ಎಂದು ಮುನೀಂದ್ರ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಮೆಮೊ ಬರತ್ತೆ, ಬರ್ಲಿ" ಅಂದ. "ಏಪ್ರಿಲ್‌ದು ಹೋಗತ್ತೆ. ಕೆಲಸ ತೆಗೆಯಲ್ಲ ಅನ್ಕೊತೀನಿ. ತೆಗೆದ್ರೂ ಹೆಣ್ಮಕ್ಕಳಿಬ್ರೂ ಓದು ಮುಗಿಸಿದ್ದಾರೆ."

ಟೀ ಕುಡಿದು ಬಂದ ಚಿರಂಜೀವಿ ಕಾಗದ ಓದಿ ತಲೆ ಕೆರೆದುಕೊಂಡ. ಸಮಿತಿಯವರು ಈ ಸಿನಿಮಾವನ್ನು ತಗೊಳ್ಳದೇ ಇರಬಹುದು ಅಂದ. ಆದರೆ ಕ್ಯಾಮೆರಾ ಬಾಡಿಗೆಗೆ ಬಂದಾಗಿತ್ತು, ಬೆಳಕೂ ಚೆನ್ನಾಗಿತ್ತು. ಎರಡು ಥರಾನೂ ತೆಗೆದಿಟ್ಟುಕೊಳ್ತೀನಿ ಸರ್, ಮೊದಲು ನಿಮ್ಮ ಥರ ತೆಗೀತೀನಿ ಅಂದ. ಒಂದು ಥರವೇ ಸಾಕಪ್ಪ, ಇನ್ನೊಂದಕ್ಕೆ ನಾವಿಬ್ಬರೂ ಸಹಿ ಹಾಕಿಲ್ಲ ಎಂದು ಸಿದ್ದರಾಜು ಹೇಳಿದ. ಚಿರಂಜೀವಿ ಹನ್ನೆರಡು ಪುಟಗಳಲ್ಲಿ ಏಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ. ಆಮೇಲೆ ಸೀಸದಕಡ್ಡಿ ತೆಗೆದು, ಅವತ್ತು ಶಿಫ್ಟ್ ಬದಲಾಗುವಾಗ ನೀವಿಬ್ಬರೂ ಎದುರುಬದುರಾದಿರಲ್ಲ, ಏನು ಮಾತಾಡಿಕೊಂಡಿರಿ ಎಂದು ಕೇಳಿದ.

ಏನೂ ಇಲ್ಲ, ಬಸ್ಸು ಬಂದುಬಿಡುತ್ತೆ ಎಂದು ಓಡಿದೆ, ಅಷ್ಟೆ ಅಂದ ಸಿದ್ದರಾಜು.

"ಇಲ್ಲಣ್ಣ" ಅಂದ ಮುನೀಂದ್ರ. "ಒಳಗೆ ಪೀಸ್ ಸಿಕ್ಕೊಂಡಿದೆ, ನೋಡ್ಕೊಂಡು ತೆಗಿ ಅಂದ್ರಿ. ನಾನು ನೋಡ್ಕೊತೀನಿ ಹೋಗಿ ಅಂದೆ."

ಸಿದ್ದರಾಜುವಿಗೆ ಅದು ನೆನಪಿರಲಿಲ್ಲ. ಹೌದಾ, ನೋಡ್ಕೊಂಡು ಅಂದಿದ್ದೆನಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಚಿರಂಜೀವಿ ಎರಡೂ ಸಾಲು ಬರೆದುಕೊಂಡ. ಸಿದ್ದರಾಜುವಿನ ಪಾತ್ರಕ್ಕೆ ಕರೆದಿದ್ದ ಹಿರಿಯ ನಟ ಮಧ್ಯಾಹ್ನ ಬರುವವನಿದ್ದ, ಅಲ್ಲಿಯವರೆಗೆ ಅಭ್ಯಾಸಕ್ಕೆ ಸಿದ್ದರಾಜುವೇ ಯಂತ್ರದ ಮುಂದೆ ನಿಂತ. ಯಮನೂರ ಬಾಗಿಲ ಕಡೆಯಿಂದ ನಡೆದು ಬಂದು ಪ್ರೆಸ್ಸಿನ ಕಡೆ ಗಂಭೀರವಾಗಿ ನೋಡುತ್ತ, ನೋಡ್ಕೊತೀನಿ ಹೋಗಿ ಅಂದ.

"ಹಂಗಲ್ಲ" ಅಂದ ಮುನೀಂದ್ರ. ಅವನ ಭುಜ ಹಿಡಿದು ಸಿದ್ದರಾಜುವಿನ ಕಡೆ ತಿರುಗಿಸಿದ. "ಮಷೀನ್ ಕಡೆ ನೋಡ್ಲೇಬೇಡ. ಇವ್ರ ಮುಖ ನೋಡ್ಕೊಂಡು ಹೇಳು."